ತೋಫು ಅಂಗಡಿಯವಳ ಕೂದಲು

ಒರಿಕುವಿನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ತೆಳ್ಳನೆಯ ಮಣ್ಣಿನ ಗೋಡೆ. ಆ ಕಡೆ ಅವರು, ಚಿತ್ರದ ಹಲಗೆ ಕೆತ್ತುವವರು. ಈ ಕಡೆ ನಾನು, ಅದೇ ಹಲಗೆಗೆ ಮಸಿ ಬಳಿದು ಕಾಗದದ ಮೇಲೆ ಅಚ್ಚೊತ್ತುವವನು. ಎಡೊ ಪಟ್ಟಣದಲ್ಲಿ ಈ ಎರಡು ಕಸುಬಿನವರು ಒಂದೇ ಗೋಡೆಗೆ ಬೆನ್ನು ಕೊಟ್ಟು ಬಾಳುವುದೆಂದರೆ ದಿನಾ ಜಗಳವೇ. ಚಿತ್ರ ಕೆಟ್ಟರೆ ಕೆತ್ತುವವನು ಅಚ್ಚಿನವನನ್ನು ಬೈಯುತ್ತಾನೆ, ಅಚ್ಚಿನವನು ಕೆತ್ತುವವನನ್ನು ಬೈಯುತ್ತಾನೆ. ಚೆನ್ನಾಗಿ ಬಂತೋ, ಜನ ಇಬ್ಬರನ್ನೂ ಬಿಟ್ಟು ಚಿತ್ರಗಾರನನ್ನು ಹೊಗಳಿಕೊಂಡು ಹೋಗುತ್ತಾರೆ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ.

ಒರಿಕು ತ್ಸುಕುದಾ ದ್ವೀಪದ ಬೆಸ್ತರ ಮಗಳು. ಆಚೆ ದಡದವರನ್ನು ಕೂಗಿ ಕರೆದೇ ಬೆಳೆದ ಗಂಟಲು. "ಮೆಲ್ಲಗೆ ಮಾತಾಡೇ" ಎಂದು ಗಂಡ ಗದರಿದ್ದು ನಮ್ಮ ಓಣಿಗೆ ಕೇಳಿದರೆ, ಅವಳು ಕೊಟ್ಟ ಉತ್ತರ ಪಕ್ಕದ ಓಣಿಗೂ ಕೇಳುತ್ತಿತ್ತು. ನಾನು ಬೆಳಿಗ್ಗೆ ಕೆಲಸಕ್ಕೆ ಕುಳಿತು ಕಾಗದವನ್ನು ಉಜ್ಜಲು ಶುರುಮಾಡಿದರೆ ಸಾಕು, ಗೋಡೆ ಗುದ್ದುತ್ತಿದ್ದಳು.

"ಮೊಸುಕೆಯಣ್ಣಾ, ಮಸಿಗೆ ಗಂಜಿ ಜಾಸ್ತಿ ಹಾಕಿದ್ಯಲ್ಲ, ಉಜ್ಜೋ ಸದ್ದಲ್ಲೇ ಗೊತ್ತಾಗತ್ತೆ!"

"ನೀವು ಗೆರೆ ಹಗ್ಗದಷ್ಟು ದಪ್ಪ ಕೆತ್ತಿ ಕಳ್ಸಿದ್ರೆ ಗಂಜಿ ಏನ್ ಮಾಡತ್ತಮ್ಮ?"

"ಹಗ್ಗ ಆದ್ರೆ ನೇಣು ಹಾಕ್ಕೋ!"

ಹೀಗೆ ನಮ್ಮ ದಿನ ಆರಂಭವಾಗುತ್ತಿತ್ತು. ಅವಳ ಗಂಡ ಗೆನ್ಶಿಚಿ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವನು ತಲೆ ಕೆತ್ತುವವನು. ಕಾಂದಾ ಬಡಾವಣೆಯಲ್ಲಿ ಅವನನ್ನು ಮೀರಿಸಿದ ಕೈ ಇರಲಿಲ್ಲ ಎಂದು ನಾನೇ ಹೇಳುತ್ತೇನೆ, ಕೆತ್ತುವವರನ್ನು ಹೊಗಳುವ ಅಭ್ಯಾಸ ನನಗಿಲ್ಲದಿದ್ದರೂ.

ತಲೆ ಕೆತ್ತುವುದು ಏಕೆ ದೊಡ್ಡದು ಅಂದರೆ, ಅಲ್ಲಿ ಚಿತ್ರಗಾರ ಕೈಬಿಡುತ್ತಾನೆ. ಉಡುಪು, ಕೈ, ಕಾಲು, ಬಾಗಿಲು, ಬಕೆಟ್ಟು ಎಲ್ಲವನ್ನೂ ಗೆರೆಯೆಳೆದು ಕೊಡುವ ಮಹಾಶಯ, ಕೂದಲಿನ ಹತ್ತಿರ ಬಂದಾಗ ಬರೀ ಅಂಚು ತೋರಿಸಿ ಸುಮ್ಮನಾಗುತ್ತಾನೆ. ಹಣೆಯ ಮೇಲೆ, ಕಿವಿಯ ಮುಂದೆ, ಕತ್ತಿನ ಹಿಂದೆ ಒಂದೊಂದು ಎಳೆಯೂ ಕೆತ್ತುವವನದೇ. ಅಕ್ಕಿಕಾಳು ಇಡುವಷ್ಟು ಜಾಗದಲ್ಲಿ ಸಾಲು ಸಾಲು ಕೂದಲನ್ನು ಚೆರಿ ಮರದಲ್ಲಿ ಉಬ್ಬಾಗಿ ಉಳಿಸಬೇಕು. ಒಂದು ಎಳೆ ಮುರಿದರೆ ಮುಖವೇ ಹೋಯಿತು.

ಒರಿಕು ಮದುವೆಯಾಗಿ ಬಂದ ಮೇಲೆ ಕಸುಬು ಕಲಿತವಳು. ಉಡುಪಿನ ಹೂಬಳ್ಳಿ ಕೆತ್ತಿದಳು, ಆಮೇಲೆ ಅಕ್ಷರ ಕೆತ್ತಿದಳು. ಅಕ್ಷರದಲ್ಲಿ ಅವಳ ಕೈ ಚುರುಕಾಗಿತ್ತು. ಹಳೆಯ ಅರಮನೆಯ ಕವಿತೆಗಳ ಜಾರುವ ಬರಹವನ್ನು ಕೂಡ ಎಲ್ಲೂ ಮುಗ್ಗರಿಸದೆ ಕೆತ್ತುತ್ತಿದ್ದಳು. ಆದರೆ ತಲೆ? "ತಲೆ ಹೆಂಗಸರ ಕೈಗಲ್ಲ" ಎಂದು ಗೆನ್ಶಿಚಿ ಮೊದಲೇ ಹೇಳಿಬಿಟ್ಟಿದ್ದ. ಅವಳು ಕೇಳುವುದನ್ನು ಬಿಡಲಿಲ್ಲ, ಅವನು ಇಲ್ಲವೆನ್ನುವುದನ್ನು ಬಿಡಲಿಲ್ಲ. ಅವರ ಸಂಸಾರದಲ್ಲಿ ನಾನು ಕೇಳಿದ ಜಗಳವೆಲ್ಲ ಹೆಚ್ಚು ಕಡಿಮೆ ಅದೊಂದೇ.

ಒಂದು ಚಳಿಗಾಲ ಗೆನ್ಶಿಚಿ ಸ್ನಾನದ ಮನೆಯ ಬಿಸಿನೀರಿನ ತೊಟ್ಟಿಯಿಂದ ಎದ್ದವನು ಅಲ್ಲೇ ಕುಸಿದ. ಜೀವಕ್ಕೇನೂ ಆಗಲಿಲ್ಲ. ಕಾಲು ಬಂತು, ಮಾತು ಬಂತು, ಬಲಗೈ ಮಾತ್ರ ನಡುಗುವುದು ನಿಲ್ಲಲಿಲ್ಲ. ಬಟ್ಟಲಿನ ಚಹಾ ತುಟಿಗೆ ಬರುವಷ್ಟರಲ್ಲಿ ಅರ್ಧ ಮಡಿಲಲ್ಲಿರುತ್ತಿತ್ತು. ಅವನ ಕೈಕೆಳಗಿನ ಆಳುಗಳು ಒಬ್ಬೊಬ್ಬರಾಗಿ ಸೇತುವೆಯ ಆಚೆಯ ಕಮೆಗೊರೊ ಮೇಸ್ತ್ರಿಯ ಹತ್ತಿರ ಸೇರಿಕೊಂಡರು. ತಲೆ ಬಾರದ ಮನೆಗೆ ಮೈ ಮಾತ್ರ ಎಷ್ಟು ದಿನ ಬಂದೀತು? ಒರಿಕು ಮಿಠಾಯಿಯ ಪೊಟ್ಟಣದ ಚೀಟಿ, ಔಷಧಿಯ ಹೆಸರು, ಸಿಕ್ಕಿದ್ದೆಲ್ಲ ಕೆತ್ತುತ್ತಾ ಮನೆ ನಡೆಸಿದಳು. ಗೆನ್ಶಿಚಿ ಕೈಯನ್ನು ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದ.

ಬೇಸಿಗೆ ಆರಂಭವಾಗುತ್ತಿದ್ದಾಗ ಪ್ರಕಾಶಕ ತೊಹೇ ಬಂದ. ಅವನ ಹೊಸ ಚಿತ್ರಮಾಲೆ ಊರಿನ ಬಾಯಲ್ಲೆಲ್ಲ ಇತ್ತು: ಮೇಲೆ ಮೋಡದಾಕಾರದ ಚೌಕಟ್ಟಿನಲ್ಲಿ ಹಳೆಯ ಕಾಲದ ಒಂದು ಕವಿತೆ, ಕೆಳಗೆ ನಮ್ಮಂಥ ಬೀದಿಯ ಜನ. ಅವನು ಬಿಚ್ಚಿದ ಹಾಳೆಯಲ್ಲಿ ಅರಮನೆಯ ಹೆಣ್ಣೊಬ್ಬಳು ಹೀಗೆ ಹಾಡಿದ್ದಳು: ಬೆಟ್ಟವನ್ನು ಮಂಜು ನುಂಗಿತು, ನೀನು ಬಂದೆಯೋ ಹೋದೆಯೋ ಎಂದು ಇನ್ನು ನಾನು ಯಾರನ್ನು ಕೇಳಲಿ. ಅದರ ಕೆಳಗೆ ತೋಫು ಅಂಗಡಿಯವಳು. ಸೊಯಾ ಹಾಲು ಕುದಿಯುವ ಹಂಡೆಯ ಆವಿಯಲ್ಲಿ ನಿಂತು, ಬಾಗಿಲಿಗೆ ಬಂದ ಗಿರಾಕಿ ಇದ್ದಾನೋ ಹೋದನೋ ಎಂದು ಕತ್ತು ಚಾಚಿ ನೋಡುತ್ತಿದ್ದಾಳೆ. ನಾನು ಹಲಗೆ ವಾಪಸು ಕೊಡಲು ಹೋದವನು ನೋಡಿ ಜೋರಾಗಿ ನಕ್ಕುಬಿಟ್ಟೆ.

"ನಗ್ಬೇಡಪ್ಪ, ಆವಿ ಅಚ್ಚೊತ್ತೋ ಕಷ್ಟ ನಿನ್ ತಲೆಗೇ ಕಟ್ಟೋದು" ಎಂದ ತೊಹೇ. ಆಮೇಲೆ ಗೆನ್ಶಿಚಿಯ ಕಡೆ ತಿರುಗಿ, "ಮೇಸ್ತ್ರಿ, ಊರಲ್ಲಿ ಏನೇನೋ ಮಾತಾಡ್ತಾರೆ. ನಾನು ನಂಬಲ್ಲ. ಶರತ್ಕಾಲದ ಹಬ್ಬಕ್ಕೆ ಅಂಗಡೀಲಿ ತೂಗ್ಹಾಕ್ಬೇಕು. ತಲೆ ನಿಮ್ಮಿಂದ ಆಗತ್ತೆ ಅಂದ್ರೆ ಬಿಟ್ಟು ಹೋಗ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಕಮೆಗೊರೊ ಕಾಯ್ತಾ ಇದಾನೆ" ಎಂದ.

"ಆಗತ್ತೆ" ಎಂದ ಗೆನ್ಶಿಚಿ, ತೋಳಿನೊಳಗಿಂದ ಕೈ ತೆಗೆಯದೆ.

ತೊಹೇ ಹೋದ ಮೇಲೆ ಹಾಳೆಯನ್ನು ಹಲಗೆಗೆ ಅಂಟಿಸಬೇಕು. ಚಿತ್ರವನ್ನು ಮಕಾಡೆ ಅಂಟಿಸಿ, ಒದ್ದೆ ಬೆರಳಿನಿಂದ ಕಾಗದದ ಬೆನ್ನನ್ನು ಉಜ್ಜಿ ಉಜ್ಜಿ ಪದರ ಕೀಳುತ್ತಾ ಹೋದರೆ, ಕೊನೆಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಗೆರೆ ಮಾತ್ರ ಮರದ ಮೇಲೆ ನಿಲ್ಲುತ್ತದೆ. ಅದರ ಮೇಲೆಯೇ ಕತ್ತಿ ಓಡಿಸುವುದು. ಚಿತ್ರಗಾರ ಕೊಡುವ ಹಾಳೆ ಅದೊಂದೇ. ಕೆತ್ತುತ್ತಾ ಕೆತ್ತುತ್ತಾ ಅದು ಮುಗಿದೇ ಹೋಗುತ್ತದೆ. ಈ ಉಜ್ಜುವ ಕೆಲಸ ಯಾವಾಗಲೂ ಒರಿಕುವಿನದು.

"ಕೊಡಿ ಇಲ್ಲಿ" ಎಂದಳು.

"ಬಿಡು. ತಲೆ ಕೆತ್ತೋನೇ ಅಂಟಿಸ್ತಾನೆ."

ಮೈ ಭಾಗವನ್ನು ಅವನು ಚೆನ್ನಾಗಿಯೇ ಉಜ್ಜಿದ. ಮುಖಕ್ಕೆ ಬಂದ. ಕೆನ್ನೆ ದಾಟಿದ. ನಾನೂ ಒರಿಕುವೂ ಎರಡೂ ಕಡೆಯಿಂದ ಬಗ್ಗಿ ನೋಡುತ್ತಿದ್ದೆವು. ಕಿವಿಯ ಹತ್ತಿರ ಅವನ ಬೆರಳು ಒಮ್ಮೆ ಅದುರಿತು. ತೆಳು ಪದರ ಸುರುಳಿ ಸುತ್ತಿಕೊಂಡು ಎದ್ದು ಬಂತು. ಹಣೆಯ ಅಂಚಿನಿಂದ ಕಿವಿಯ ಕೆಳಗಿನವರೆಗೆ ಬರೀ ಬೋಳು ಮರ. ಗೆನ್ಶಿಚಿ ತನ್ನ ಬೆರಳಿಗೆ ಅಂಟಿದ ಕಾಗದದ ಚೂರನ್ನೇ ನೋಡುತ್ತಾ ಕುಳಿತ. ಅದರಲ್ಲಿ ಆ ಹೆಂಗಸಿನ ಕಿವಿ ಇತ್ತು.

ಆ ಹೊತ್ತಿಗೆ ಚಿತ್ರಗಾರ ದೂರದ ಇಸೆ ದೇಗುಲದ ಯಾತ್ರೆಗೆ ಹೊರಟುಹೋಗಿದ್ದ. ಹಬ್ಬದೊಳಗೆ ಬರುವವನಲ್ಲ.

"ಹಲಗೆ ತುರಿದು ಹಾಕು" ಎಂದ ಗೆನ್ಶಿಚಿ. "ಒಲೆ ಕಿಡಿ ಬಿದ್ದು ಸುಟ್ಟೋಯ್ತು ಅಂತ ಹೇಳು ತೊಹೇಗೆ."

"ಸುಳ್ಳು ಹೇಳೋದಾದ್ರೆ ನೀವೇ ಹೋಗಿ ಹೇಳಿ. ನನ್ ಗಂಟಲಿಗೆ ಅದು ಒಗ್ಗಲ್ಲ. ಹಲಗೆ ಇಲ್ಲೇ ಇರತ್ತೆ. ತಲೆ ನಾನು ಕೆತ್ತೀನಿ."

"ಗೆರೆ ಇದ್ದಾಗ್ಲೇ ಕೊಡ್ಲಿಲ್ಲ ನಿಂಗೆ. ಗೆರೆ ಹೋದ್ಮೇಲೆ ಕೊಡ್ತೀನಾ?"

"ನೀವೇನೂ ಕೊಡೋದ್ ಬೇಡಾರೀ. ನಾನೇ ತಗೋತೀನಿ."

ಅವನು ಎದ್ದು ನನ್ನ ಕಡೆಯ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅಂದಿನಿಂದ ಅವಳೊಂದಿಗೆ ಮಾತು ನಿಲ್ಲಿಸಿದ. ಅನ್ನ ಇಟ್ಟರೆ ಉಣ್ಣುವುದು, ಹಾಸಿಗೆ ಹಾಸಿದರೆ ಮಲಗುವುದು, ಅಷ್ಟೇ. ತಪ್ಪು ಅವನದು, ಮುನಿಸೂ ಅವನದೇ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ನಾನು ಗೋಡೆಗೆ ಒರಗಿ ಕುಳಿತಾಗ ಅವನು ಮೂಗು ಸೇದುವುದು ನನಗೆ ಕೇಳುತ್ತಿತ್ತು. ಯಾರಿಗೂ ಹೇಳಲಿಲ್ಲ.

ಒರಿಕು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊದಲು ಚೆರಿ ಮರದ ತುಂಡುಗಳ ಮೇಲೆ ಕೂದಲು ಕೆತ್ತಲು ಕುಳಿತಳು. ಕೆತ್ತಿದ್ದನ್ನು ನನ್ನ ಹತ್ತಿರ ತಂದು, "ಒಂದ್ ಅಚ್ಚು ತೆಗೀಯಣ್ಣ" ಎನ್ನುವಳು. ನಾನು ಗೊಣಗುತ್ತಾ ತೆಗೆಯುತ್ತಿದ್ದೆ.

"ಇದು ಕೂದ್ಲಲ್ಲಮ್ಮ, ಪೊರಕೆ" ಎಂದೆ ಮೊದಲ ತುಂಡಿಗೆ.

ಮೂತಿ ತಿರುವಿಕೊಂಡು ಹೋದಳು. ಇನ್ನೊಂದು ತಂದಳು, ಮತ್ತೊಂದು ತಂದಳು. ಕೆಲವು ವಾರ ಕಳೆದ ಮೇಲೆ ತಂದದ್ದನ್ನು ಒತ್ತಿ ನೋಡಿದರೆ ನಿಜವಾಗಿ ಬೆರಗಾದೆ. ಗೆನ್ಶಿಚಿ ಕೆತ್ತಿದ್ದೇ ಅನ್ನಬೇಕು, ಹಾಗಿತ್ತು. ಅವಳ ಮುಖ ಅರಳಿತ್ತು. ಆದರೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಚೆನ್ನಾಗಿದೆ. ಆದ್ರೆ ಇದು ಯೊಶಿವಾರದ ಕೂದ್ಲು. ಎಣ್ಣೆ ಹಚ್ಚಿ, ಬಾಚಿ, ಗಿರಾಕಿಗೆ ಕಾಯ್ಕೊಂಡು ಕೂತಿದೆ. ಬೆಳಕು ಹರಿಯೋಕೆ ಮುಂಚೆ ಹಂಡೆ ಮುಂದೆ ನಿಲ್ಲೋಳಿಗೆ ಇಷ್ಟು ಪುರಸೊತ್ತು ಎಲ್ಲಿಂದ ಬಂತು?"

ಅವಳು ಜಾರುಬಾಗಿಲನ್ನು ಎಳೆದ ರಭಸಕ್ಕೆ ಅದು ತೋಡಿನಿಂದ ಕಳಚಿ ಬಿತ್ತು. ಆದರೆ ಮಾತು ನಾಟಿತ್ತು. ನಮ್ಮ ಕಸುಬಿನ ಪೂರ್ತಿ ಕತೆಯೇ ಅದು: ತಲೆ ಕೆತ್ತುವವರೆಲ್ಲ ಕೈ ಪಳಗಿಸುವುದು ಯೊಶಿವಾರದ ಬೆಲೆವೆಣ್ಣುಗಳ ಮುಡಿಯ ಮೇಲೆ. ಆಮೇಲೆ ಮೀನು ಮಾರುವವಳು ಬಂದರೂ, ಬಟ್ಟೆ ಒಗೆಯುವವಳು ಬಂದರೂ ಅದೇ ಮುಡಿ. ಕೊಳ್ಳುವವರು ಕೂಡ ಅದಕ್ಕೇ ಒಗ್ಗಿಹೋಗಿದ್ದಾರೆ. ಒರಿಕು ಗಂಡನ ಕೈಯನ್ನು ನೋಡಿ ನೋಡಿ ಕಲಿತವಳು. ಅವನ ರೂಢಿಯೂ ಜೊತೆಗೇ ಬಂದಿತ್ತು.

ಮರುದಿನದಿಂದ ಅವಳು ಓಣಿಯ ಮೂಲೆಯ ತೋಫು ಅಂಗಡಿಯ ಬಾಗಿಲಲ್ಲಿ ನಿಲ್ಲತೊಡಗಿದಳು. ಅಂಗಡಿಯ ಒಕುರಾ ಧಡೂತಿ ಹೆಂಗಸು, ಮಾತಿನಲ್ಲಿ ಒರಿಕುವಿಗೇನೂ ಕಡಿಮೆಯಿಲ್ಲ.

"ಏನೇ ಹಂಗ್ ನೋಡ್ತೀಯ? ನನ್ ಮುಖಕ್ಕೆ ಏನಾದ್ರೂ ಅಂಟಿದ್ಯಾ?"

"ಅಂಟಿದೆ. ಕೂದ್ಲು."

"ಅಯ್ಯೋ ನಿನ್ನ! ಹಬೆಗೆ ಅಂಟದೆ ಇನ್ನೇನು ಕುಣಿಯತ್ತಾ? ತಗೊಳ್ಳೋದಾದ್ರೆ ತೋಫು ತಗೋ, ಇಲ್ದಿದ್ರೆ ದಾರಿ ಬಿಡು."

ಬರಿಗೈಲಿ ನಿಂತು ನೋಡಿದರೆ ಒಕುರಾ ಬಿಡುವಳೇ? ಒರಿಕು ದಿನಾ ತೋಫು ತಂದಳು. ಅವರ ಮನೆಯಲ್ಲಿ ಬೆಳಿಗ್ಗೆ ತಣ್ಣನೆಯ ತೋಫು, ಸಂಜೆ ಸುಟ್ಟ ತೋಫು. ಉಳಿದದ್ದು ನನಗೆ. ಆ ಬೇಸಿಗೆ ಪೂರ್ತಿ ಸಾರಿನಲ್ಲಿ ಬೇರೇನೂ ತೇಲಿದ್ದು ನಾನು ಕಾಣೆ. ಗೆನ್ಶಿಚಿ ಮಾತು ಬಿಟ್ಟವನಾದ್ದರಿಂದ ಬೇಡವೆನ್ನಲೂ ಆಗದೆ ಪಾಪ ತಿಂದ. ಇವಳು ಮಾತ್ರ ಹಟ ಬಿಡಲಿಲ್ಲ. ಹಂಡೆಯ ಮುಚ್ಚಳ ತೆಗೆದಾಗ ಯಾವ ಎಳೆ ಮೊದಲು ತೋಯುತ್ತದೆ, ಕಿವಿಯ ಮುಂದಿನದು ಕೆನ್ನೆಗೆ ಹೇಗೆ ಬಾಗುತ್ತದೆ, ಒಕುರಾ ಮೊಣಕೈಯಿಂದ ಒರೆಸಿಕೊಂಡಾಗ ಎತ್ತ ಚದುರುತ್ತದೆ, ಎಲ್ಲವನ್ನೂ ನೋಡಿ ಬಂದು ಮರದ ತುಂಡಿನ ಮೇಲೆ ಕೆತ್ತುವಳು. ಬೆಂಕಿಗೆ ಹಾಕುವಳು. ಮತ್ತೆ ಕೆತ್ತುವಳು.

ಬೇಸಿಗೆ ಕಳೆಯುತ್ತಾ ಬಂದಾಗ ತೊಹೇ ಕಮೆಗೊರೊನನ್ನು ಕರೆದುಕೊಂಡೇ ಬಂದ. ಮಾತು ಕೇಳಿ ನಾನೂ ಆ ಕಡೆ ಹೋದೆ.

"ಹಲಗೆ ಕೊಟ್ಬಿಡಮ್ಮ" ಎಂದ ತೊಹೇ. "ಕೆಲಸ ಮುಟ್ಟೇ ಇಲ್ಲ ಅಂತ ಗೊತ್ತಾಯ್ತು. ಇವನು ಮುಗಿಸಿ ಕೊಡ್ತಾನೆ."

ಒರಿಕು ಬಟ್ಟೆ ಬಿಚ್ಚಿ ಹಲಗೆಯನ್ನು ಇಬ್ಬರ ಮುಂದೆಯೂ ಇಟ್ಟಳು. "ನೋಡ್ಕೊಳ್ಳಿ. ಕಿವಿ ಹತ್ರ ಗೆರೆ ಹೋಗಿದೆ. ಉಜ್ಜುವಾಗ ಎದ್ದು ಬಂತು."

ತೊಹೇ ಹಣೆ ಬಡಿದುಕೊಂಡ. ಕಮೆಗೊರೊ ಬಗ್ಗಿ ನೋಡಿ, ಮುಟ್ಟಲೂ ಇಲ್ಲ. "ಗೆರೆ ಇಲ್ದಿರೋ ತಲೆಗೆ ನಾನು ಕತ್ತಿ ಇಡಲ್ಲ ಸ್ವಾಮಿ. ನಾಳೆ ಚಿತ್ರದೋನು ಬಂದು ಇದ್ಯಾರ ಕಿವಿ ಅಂತ ಕೇಳಿದ್ರೆ ನಾನ್ ಏನ್ ಹೇಳ್ಲಿ?"

"ಯಾರೂ ಇಡೋದ್ ಬೇಡ" ಎಂದಳು ಒರಿಕು. "ಈ ಮನೇಲಿ ಇಡೋರಿದ್ದಾರೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮೊಸುಕೆಯಣ್ಣನ ಹತ್ರ ಮೊದಲ್ನೇ ಅಚ್ಚು ಇರತ್ತೆ. ಸರಿಯಿಲ್ಲ ಅಂದ್ರೆ ಅವತ್ತೇ ನಾನು ಅಂಗಳದಲ್ಲಿ ಕತ್ತಿಗಳನ್ನೆಲ್ಲ ಹೂತಾಕ್ತೀನಿ. ಈ ಮನೆಗೆ ಮತ್ತೆ ಕೆಲಸ ತರ್ಲೇಬೇಡಿ."

ತೊಹೇ ಗೋಡೆಗೆ ಮುಖ ಮಾಡಿ ಕುಳಿತಿದ್ದ ಗೆನ್ಶಿಚಿಯ ಬೆನ್ನನ್ನು ನೋಡಿದ. ಬೆನ್ನು ಅಲುಗಲಿಲ್ಲ. ಬೇರೆ ದಾರಿಯಿಲ್ಲದೆ, "ಆಗ್ಲಮ್ಮ" ಎಂದು ಎದ್ದ.

ಅವರು ಬಾಗಿಲು ದಾಟುತ್ತಿದ್ದಂತೆ ಒರಿಕು ಗಂಡನ ಕತ್ತಿ ತೆಗೆದುಕೊಂಡಳು. ತಲೆಗೆಂದೇ ಮಸೆದಿಟ್ಟ ಅದನ್ನು ಅವನಲ್ಲದೆ ಯಾರೂ ಹಿಡಿದಿರಲಿಲ್ಲ. ಅವನು ನೋಡಿದ, ತಡೆಯಲಿಲ್ಲ. ಬೆಳಕಿದ್ದಷ್ಟು ಹೊತ್ತು ಅವಳು ಹಲಗೆಯ ಮೇಲೆ ಬಗ್ಗಿಯೇ ಇದ್ದಳು. ಗೋಡೆ ಗುದ್ದುವುದು ನಿಂತಿತು, ಬೈಗುಳ ನಿಂತಿತು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಆ ಕಡೆಯಿಂದ ಕತ್ತಿಯ ಸದ್ದು ಕೇಳಿದರೆ ಹೆದರಿಕೆ, ಕೇಳದಿದ್ದರೆ ಇನ್ನೂ ಹೆದರಿಕೆ.

ಹಬ್ಬ ಹತ್ತಿರ ಬಂದಿದ್ದ ಒಂದು ಮಧ್ಯಾಹ್ನ ಗೋಡೆಗೆ ಒಂದು ಮೆಲ್ಲನೆಯ ಗುದ್ದು ಬಿತ್ತು. ಹೋದೆ. ಅವಳು ಕತ್ತಿ ಕೆಳಗಿಟ್ಟು ಬೆರಳು ಬಿಡಿಸಿಕೊಳ್ಳಲಾಗದೆ ಕುಳಿತಿದ್ದಳು. ಗೆರೆಗಳೆಲ್ಲ ಮುಗಿದಿದ್ದವು. ಆದರೆ ಗೆರೆ ಮುಗಿದರೆ ಕೆಲಸ ಮುಗಿಯಿತೇ? ಗೆರೆಯ ಸುತ್ತಲಿನ ಬೇಡದ ಮರವನ್ನೆಲ್ಲ ಅಗಲ ಉಳಿ, ಸುತ್ತಿಗೆ ಹಿಡಿದು ಎಬ್ಬಿಸಿ ತೆಗೆಯಬೇಕು. ಅದು ಕೆಲಸಕ್ಕೆ ಹೊಸದಾಗಿ ಸೇರಿದವರ ಪಾಲಿನ ಕೂಲಿ ಕೆಲಸ, ಒಂದಿಡೀ ದಿನ ಹಿಡಿಯುತ್ತದೆ. ಆಳುಗಳು ಯಾರೂ ಇರಲಿಲ್ಲ. ಅವಳ ಕೈಯಲ್ಲಿ ಇನ್ನು ಸುತ್ತಿಗೆ ಎತ್ತುವ ಶಕ್ತಿ ಇರಲಿಲ್ಲ. ನಾನು ಎತ್ತಿದರೆ ಹಲಗೆಯೇ ಸೀಳುತ್ತಿತ್ತು.

ಆಗ ಗೆನ್ಶಿಚಿ ಎದ್ದು ಬಂದ. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಿವಿಯ ಹತ್ತಿರ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಅಚ್ಚು ತೆಗೆಯದೆ ಮರದಲ್ಲೇ ಓದಬಲ್ಲವನು ಅವನು. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಇದು ನನ್ ಕೂದ್ಲಲ್ಲ" ಎಂದ. ಇಷ್ಟು ದಿನದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು.

"ಅಲ್ಲ" ಎಂದಳು ಅವಳು.

"ಕೈ ನೆಟ್ಟಗಿದ್ದಾಗ್ಲೂ ನನಗಿದು ಬರ್ತಿರ್ಲಿಲ್ಲ."

ಅವನು ಅಗಲ ಉಳಿಯನ್ನು ಎಡಗೈಗೆ ತೆಗೆದುಕೊಂಡ, ಸುತ್ತಿಗೆಯನ್ನು ನಡುಗುವ ಕೈಗೆ. ಸುತ್ತಿಗೆಯ ತೂಕಕ್ಕೋ ಏನೋ ನಡುಕ ಸ್ವಲ್ಪ ತಗ್ಗಿತು. ಹಲಗೆಯ ಕೆಳತುದಿಯಿಂದ, ಮುಖದಿಂದ ಆದಷ್ಟು ದೂರದಿಂದ, ಚಕ್ಕೆ ಎಬ್ಬಿಸಲು ಶುರುಮಾಡಿದ. ಒರಿಕು ಅವನ ಉಳಿಯ ತುದಿಯಿಂದ ಕಣ್ಣು ಕೀಳಲಿಲ್ಲ. ಅವಳಿಗೆ ಅಳು ಬಂದಿತ್ತು, ಕತ್ತಿನ ಟವಲಿನಲ್ಲಿ ಮೂಗು ಒರೆಸಿಕೊಂಡಳು. ತಲೆಯ ಸುತ್ತಲಿನ ಸಣ್ಣ ಕೆಲಸವನ್ನು ಮಾತ್ರ ಮರುದಿನ ತಾನೇ ಮಾಡಿದಳು.

ಹಬ್ಬದ ಹಿಂದಿನ ದಿನ ತೊಹೇ ಬಂದ, ಕಮೆಗೊರೊ ತಮಾಷೆ ನೋಡಲು ಜೊತೆಗೆ ಬಂದ. ಅವರ ಕಣ್ಣೆದುರಿಗೇ ನಾನು ಮಸಿ ಬಳಿದು, ಕಾಗದ ಇಟ್ಟು, ಉಜ್ಜಿ, ಎತ್ತಿದೆ. ಕಾಗದದ ಮೇಲೆ ಒಬ್ಬಳು ಹೆಂಗಸು ನಿಂತಿದ್ದಳು, ನಸುಕಿಗೂ ಮುಂಚೆ ಎದ್ದವಳು, ಬೆವೆತವಳು, ಕಿವಿಯ ಮುಂದಿನ ಎಳೆಗಳು ಕೆನ್ನೆಗೆ ಅಂಟಿದವಳು. ಆವಿಗೆ ನಾನಿನ್ನೂ ಬಣ್ಣವೇ ಹಾಕಿರಲಿಲ್ಲ, ಆದರೂ ಅವಳು ಆವಿಯಲ್ಲಿ ನಿಂತಿದ್ದಾಳೆಂದು ಯಾರು ಬೇಕಾದರೂ ಹೇಳಬಹುದಿತ್ತು. ಕಮೆಗೊರೊ ಹಾಳೆಯನ್ನು ಹತ್ತಿರ ಎಳೆದುಕೊಂಡು ನೋಡಿದ, ದೂರ ಹಿಡಿದು ನೋಡಿದ, ತಮಾಷೆ ಮರೆತು ಕಿವಿಯ ಮುಂದಿನ ಎಳೆಗಳನ್ನು ಎಣಿಸತೊಡಗಿದ.

ತೊಹೇ ಗೆನ್ಶಿಚಿಯ ಭುಜ ಹಿಡಿದು ಅಲುಗಿಸಿದ. "ಮೇಸ್ತ್ರೀ! ನಾನು ಹೇಳಿರ್ಲಿಲ್ವಾ? ಊರೋರ ಮಾತೆಲ್ಲ ಸುಳ್ಳು! ನಿಮ್ ಕೈ ವಾಪಸ್ ಬಂತು!"

ಒರಿಕು ಕೆಳಗೆ ನೋಡಿದಳು. ಅಷ್ಟು ದೊಡ್ಡ ಬಾಯಿಯವಳು ಕತ್ತಿನ ಟವಲಿನ ತುದಿಯನ್ನು ತಿರುಚುತ್ತಾ ನಿಂತಳು. ಗಂಡ ಹೂಂ ಎಂದುಬಿಟ್ಟರೆ ಮುಗಿಯಿತು, ಮುಂದಿನ ತಲೆಯೂ ಅವನದೇ ಹೆಸರಿನಲ್ಲಿ ಬರುತ್ತಿತ್ತು, ಅವಳು ಬಚ್ಚಿಟ್ಟುಕೊಂಡು ಕೆತ್ತುತ್ತಾ ಮುದುಕಿಯಾಗುತ್ತಿದ್ದಳು. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ.

ಗೆನ್ಶಿಚಿ ತೋಳಿನೊಳಗಿಂದ ಬಲಗೈ ಹೊರತೆಗೆದು ತೊಹೇಯ ಕಣ್ಣ ಮುಂದೆ ಚಾಚಿದ. ಅದು ಎಲ್ಲರೂ ಕಾಣುವಂತೆ ನಡುಗಿತು.

"ತಲೆ ನನ್ ಹೆಂಡ್ತಿ ಕೆತ್ತಿದ್ದು" ಎಂದ. "ನಾನು ಚಕ್ಕೆ ತೆಗೆದೋನು."

ಕಮೆಗೊರೊ ತಲೆ ಬಗ್ಗಿಸಿದ. ತೊಹೇ ಸ್ವಲ್ಪ ಹೊತ್ತು ಆ ಕೈಯನ್ನೂ ಅಚ್ಚನ್ನೂ ನೋಡಿದ. ಆಮೇಲೆ ಜೊತೆಗೆ ತಂದಿದ್ದ ಬುಟ್ಟಿಯಿಂದ ಚಿತ್ರಮಾಲೆಯಲ್ಲಿ ಮುಂದೆ ಕೆತ್ತಬೇಕಿದ್ದ ಹಾಳೆಯ ಸುರುಳಿಯನ್ನು ತೆಗೆದು, ಗೆನ್ಶಿಚಿಯನ್ನು ದಾಟಿ ಹೋಗಿ, ಒರಿಕುವಿನ ಮುಂದೆ ಎರಡೂ ಕೈಯಲ್ಲಿ ಹಿಡಿದ.